ಡಾಂಬರಿಗೂ ಮಣ್ಣುದಾರಿಗೂ ಒಂದೇ ಸೈಕಲ್: ಯಾವುದನ್ನು ಆರಿಸಬೇಕು?

ಬೆಂಗಳೂರಿನ ಜಯನಗರದಲ್ಲಿ ವಾಸವಿರುವ ಒಬ್ಬರು ಭಾನುವಾರ ಬೆಳಿಗ್ಗೆ ತುರಹಳ್ಳಿ ಕಾಡಿಗೆ ಸೈಕಲ್ ತುಳಿಯಲು ಹೊರಟರೆಂದು ಇಟ್ಟುಕೊಳ್ಳೋಣ. ಹತ್ತು ಹನ್ನೊಂದು ಕಿಲೋಮೀಟರ್ ಡಾಂಬರಿನ ಮೇಲೆ ಹೋಗಿ, ಬಂಡೆಗಳ ನಡುವಿನ ಕಾಲುದಾರಿಗಳಲ್ಲಿ ಆರೇಳು ಕಿಲೋಮೀಟರ್ ಸುತ್ತಿ, ಬಂದ ದಾರಿಯಲ್ಲೇ ಮನೆಗೆ ಮರಳಿದರೆ ಒಟ್ಟು ಇಪ್ಪತ್ತೆಂಟು ಕಿಲೋಮೀಟರ್ ಆಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಡಾಂಬರು. ಕಾಡಿಗೆಂದೇ ಕೊಂಡ ಸೈಕಲ್ಲು ಹೆಚ್ಚು ಹೊತ್ತು ಕಳೆಯುವುದು ಕಾಡಿನ ಹೊರಗೆ ಎಂಬ ಈ ಸರಳ ಲೆಕ್ಕವನ್ನು ಅಂಗಡಿಗೆ ಹೋಗುವ ಮುನ್ನ ಮಾಡುವವರು ಕಡಿಮೆ. ಮನೆಯಿಂದ ಮಣ್ಣುದಾರಿಯವರೆಗೆ ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೋಗುವವರ ಲೆಕ್ಕ ಬೇರೆ. ಈ ಬರಹ ಅವರಿಗಲ್ಲ. ವಾರದ ದಿನಗಳಲ್ಲಿ ಕಚೇರಿಗೂ ವಾರದ ಕೊನೆಯಲ್ಲಿ ಮಣ್ಣುದಾರಿಗೂ ಒಂದೇ ಸೈಕಲ್ ಸಾಕಾಗಬೇಕು ಎನ್ನುವವರಿಗೆ ಇದು.

ಇಂಥ ಆಯ್ಕೆಯಲ್ಲಿ ನಾನು ಹಿಡಿಯುವ ಅಳತೆಗೋಲು ಒಂದೇ. ಸೈಕಲ್ಲಿನಲ್ಲಿ ಮುಂದೆ ಬದಲಾಯಿಸಲು ಬರುವ ಭಾಗಗಳು ಕೆಲವು, ಬದಲಾಯಿಸಲು ಬಾರದವು ಕೆಲವು. ಚೌಕಟ್ಟು ಮತ್ತು ಅದರ ಅಳತೆ, ಗಾಲಿಯ ವ್ಯಾಸ, ಚೌಕಟ್ಟಿನಲ್ಲಿ ಟೈರಿಗೆ ಬಿಟ್ಟಿರುವ ಜಾಗ, ಹಿಂಬದಿಯಲ್ಲಿ ಸಸ್ಪೆನ್ಷನ್ (ಕುಲುಕಾಟ ಹೀರುವ ಶಾಕ್) ಇದೆಯೋ ಇಲ್ಲವೋ ಎಂಬುದು, ಡಿಸ್ಕ್ ಬ್ರೇಕ್ ಕೂರಿಸುವ ಅಚ್ಚು, ಇವು ಕೊಂಡ ದಿನವೇ ಗಟ್ಟಿಯಾಗಿಬಿಡುತ್ತವೆ. ಟೈರು, ಸೀಟು, ಹಿಡಿಕೆ, ಪೆಡಲ್, ಒಂದು ಮಟ್ಟಿಗೆ ಗೇರು, ಇವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಆದ್ದರಿಂದ ಬದಲಾಗದ ಭಾಗಗಳನ್ನು ನೀವು ಹೋಗಲಿರುವ ಅತ್ಯಂತ ಒರಟು ದಾರಿಯನ್ನು ನೋಡಿ ಆರಿಸಬೇಕು, ಬದಲಾಗುವ ಭಾಗಗಳನ್ನು ನೀವು ಅತಿ ಹೆಚ್ಚು ತುಳಿಯುವ ದಾರಿಯನ್ನು ನೋಡಿ ಆರಿಸಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗಾಗಿ ಮಾತು ನಡೆಯುತ್ತದೆ: ಗೇರು ಎಷ್ಟು, ಬಣ್ಣ ಯಾವುದು, ಶಾಕ್ ಒಂದೋ ಎರಡೋ ಎಂಬಲ್ಲಿಂದಲೇ ಮಾತು ಶುರುವಾಗುತ್ತದೆ.

ನಮ್ಮಲ್ಲಿ ‘ಟ್ರೇಲ್’ ಎಂದರೆ ಏನು?

ಮೌಂಟನ್ ಬೈಕ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, 1970ರ ದಶಕದಲ್ಲಿ. ಅಲ್ಲಿನ ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಮೌಂಟ್ ಟಮಲ್ಪಾಯಿಸ್ ಸುತ್ತಲಿನ ಗುಡ್ಡಗಳಿಗೆ ಸಾಗಿಸಿ ಅಲ್ಲಿಂದ ಇಳಿಸುತ್ತಿದ್ದರು. 1976ರಲ್ಲಿ ಶುರುವಾದ ಅವರ ಇಳಿಜಾರಿನ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು, ಒಂದು ಇಳಿತ ಮುಗಿಯುವಷ್ಟರಲ್ಲಿ ಹಿಂಗಾಲಿಯ ಹಬ್ ಬ್ರೇಕಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಸೈಕಲ್ಲು ಕಾರ್ಖಾನೆಯಲ್ಲಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗತೊಡಗಿತು. ಇಷ್ಟನ್ನು ಇಲ್ಲಿ ನೆನೆಯಲು ಕಾರಣವಿದೆ. ಈ ಸೈಕಲ್ಲಿನ ಮೂಲ ಕಲ್ಪನೆಯಲ್ಲಿ ಇಳಿಜಾರಿತ್ತು, ಕಲ್ಲಿತ್ತು, ವೇಗವಿತ್ತು. ಮನೆಯಿಂದ ಬೆಟ್ಟದವರೆಗಿನ ಡಾಂಬರಿರಲಿಲ್ಲ.

ನಮ್ಮ ಸ್ಥಿತಿ ಬೇರೆ. ಕರ್ನಾಟಕದಲ್ಲಿ ಸೈಕಲ್ಲಿಗೆಂದೇ ಕಡಿದು ಸಿದ್ಧಪಡಿಸಿದ ದಾರಿಗಳು ತೀರ ವಿರಳ. ಮೀಸಲು ಅರಣ್ಯದಲ್ಲೂ ಅಭಯಾರಣ್ಯದಲ್ಲೂ ಅನುಮತಿಯಿಲ್ಲದೆ ಸೈಕಲ್ ಓಡಿಸುವಂತಿಲ್ಲ. ಹಾಗಾಗಿ ನಾವು ಟ್ರೇಲ್ ಎಂದು ಕರೆಯುವುದರಲ್ಲಿ ಬಹುಪಾಲು ಕೆರೆ ಏರಿ, ನಾಲೆ ದಂಡೆ, ಹೊಲಗಳ ನಡುವಿನ ಬಂಡಿಜಾಡು, ಮಲೆನಾಡಿನ ಕಾಫಿ ತೋಟಗಳ ಜೀಪುದಾರಿ, ಇಲ್ಲವೇ ಊರಾಚೆಯ ಗುಡ್ಡದ ಕಾಲುದಾರಿ. ಮಂಡ್ಯದ ಕಡೆಯ ವಿಶ್ವೇಶ್ವರಯ್ಯ ನಾಲೆಯ ದಂಡೆಯಲ್ಲಿ ಇಡೀ ದಿನ ತುಳಿದರೂ ನಾಲ್ಕಡಿ ಎತ್ತರದಿಂದ ಹಾರಬೇಕಾದ ಪ್ರಸಂಗ ಬರುವುದಿಲ್ಲ. ಬರುವುದು ಗುಂಡಿ, ಸಡಿಲ ಜಲ್ಲಿ, ಎತ್ತಿನ ಗೊರಸಿನಿಂದಾದ ಕುಳಿ, ಮಳೆಯ ಕೊರಕಲು ಮತ್ತು ಮುಳ್ಳು. ಇವನ್ನು ದಾಟಲು ಬೇಕಾದ ಸೈಕಲ್ಲು ಚಿತ್ರಗಳಲ್ಲಿ ಕಾಣುವ ಸೈಕಲ್ಲಿಗಿಂತ ತುಂಬ ಸರಳವಾದುದು.

ನಾಲ್ಕು ಬಗೆ, ಎರಡು ನಿಜವಾದ ಸ್ಪರ್ಧಿಗಳು

ಮಾರುಕಟ್ಟೆಯಲ್ಲಿ ಈ ಕೆಲಸಕ್ಕೆ ನಾಲ್ಕು ಬಗೆಯ ಸೈಕಲ್ಲುಗಳು ಮುಂದೆ ನಿಲ್ಲುತ್ತವೆ. ಮುಂದೂ ಹಿಂದೂ ಸಸ್ಪೆನ್ಷನ್ ಇರುವ ಫುಲ್ ಸಸ್ಪೆನ್ಷನ್ ಮೌಂಟನ್ ಬೈಕ್, ಮುಂದೆ ಮಾತ್ರ ಇರುವ ಹಾರ್ಡ್‌ಟೇಲ್, ಸಪೂರ ಟೈರಿನ ಹೈಬ್ರಿಡ್ ಮತ್ತು ಬಾಗಿದ ಹ್ಯಾಂಡಲಿನ ಗ್ರಾವೆಲ್ ಬೈಕ್.

ಮೊದಲನೆಯದನ್ನು ಬೇಗ ಬದಿಗಿಡಬಹುದು. ಒಳ್ಳೆಯ ಫುಲ್ ಸಸ್ಪೆನ್ಷನ್ ಸೈಕಲ್ಲಿಗೆ ಲಕ್ಷಗಳ ಲೆಕ್ಕದಲ್ಲಿ ಹಣ ಬೇಕು. ಅದರ ಹಿಂಬದಿಯ ಕೀಲುಗಳ ಬೇರಿಂಗನ್ನೂ ಗಾಳಿ ತುಂಬುವ ಶಾಕನ್ನೂ ಕಾಲಕಾಲಕ್ಕೆ ಬಿಚ್ಚಿ ಸರಿಪಡಿಸಬೇಕು, ಆ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಬೆಂಗಳೂರಿನ ಹೊರಗೆ ಕಡಿಮೆ. ಹದಿನೈದು ಇಪ್ಪತ್ತು ಸಾವಿರ ರೂಪಾಯಿಗೆ ಸಿಗುವ ‘ಡಬಲ್ ಶಾಕ್’ ಸೈಕಲ್ಲಾದರೋ ಎರಡೂ ಕಡೆಯಿಂದ ನಷ್ಟ. ಉಕ್ಕಿನ ಚೌಕಟ್ಟಿಗೆ ಸ್ಪ್ರಿಂಗ್ ಸೇರಿ ಅದರ ತೂಕ ಹದಿನೇಳು ಹದಿನೆಂಟು ಕಿಲೋ ಮುಟ್ಟುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ಕಾಲಿನ ಬಲದಲ್ಲಿ ಒಂದು ಪಾಲು ಹಿಂದಿನ ಸ್ಪ್ರಿಂಗನ್ನು ಒತ್ತುವುದಕ್ಕೇ ಹೋಗುತ್ತದೆ. ಹದಿಹರೆಯದ ಮಗ ಅದನ್ನೇ ಬೇಕೆಂದು ಹಟ ಹಿಡಿಯುತ್ತಾನೆ, ನೋಡಲು ಅದು ಮೋಟಾರ್ ಬೈಕಿನಂತೆಯೇ ಇರುತ್ತದೆ. ಆರು ತಿಂಗಳ ಬಳಿಕ ಅದೇ ಸೈಕಲ್ಲು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಗಾಳಿಯಿಳಿದ ಟೈರಿನ ಮೇಲೆ ನಿಂತಿರುವುದನ್ನು ಎಷ್ಟು ಕಡೆ ನೋಡಿಲ್ಲ!

ಗ್ರಾವೆಲ್ ಬೈಕ್ ನಿಜವಾಗಿಯೂ ಎರಡೂ ದಾರಿಗಾಗಿ ರೂಪುಗೊಂಡದ್ದೇ ಸರಿ. ಡಾಂಬರಿನ ಮೇಲೆ ದೂರ ಹೋಗುವವರಿಗೆ, ಗಾಳಿಯ ಎದುರು ಬಗ್ಗಿ ತುಳಿಯಬಲ್ಲವರಿಗೆ, ನಾಲ್ಕು ಸೆಂಟಿಮೀಟರಿನಷ್ಟು ಅಗಲದ ಟೈರು ಸಾಕೆನ್ನುವವರಿಗೆ ಅದು ಸೊಗಸಾದ ಸೈಕಲ್ಲು. ಆದರೆ ಅದೇ ಗುಣಮಟ್ಟದ ಹಾರ್ಡ್‌ಟೇಲಿಗಿಂತ ಬೆಲೆ ಹೆಚ್ಚು. ಬಾಗಿದ ಹ್ಯಾಂಡಲಿನಿಂದ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು ಹೊಸಬರಿಗೆ ಕಷ್ಟ. ಪೇಟೆಯ ವಾಹನಗಳ ನಡುವೆ ತಲೆಯೆತ್ತಿ ಕೂರುವುದನ್ನೇ ಬಹಳ ಮಂದಿ ಬಯಸುತ್ತಾರೆ.

ಉಳಿಯುವುದು ಹಾರ್ಡ್‌ಟೇಲ್ ಮತ್ತು ಹೈಬ್ರಿಡ್. ಇವೆರಡರ ನಡುವಿನ ತೀರ್ಮಾನವೇ ಹೆಚ್ಚಿನವರ ನಿಜವಾದ ತೀರ್ಮಾನ. ಹೈಬ್ರಿಡ್ ಹನ್ನೆರಡು ಹದಿಮೂರು ಕಿಲೋ ತೂಗುತ್ತದೆ. 35ರಿಂದ 45 ಮಿಲಿಮೀಟರ್ ಅಗಲದ ಟೈರು ಹೊಂದಿರುತ್ತದೆ. ಮುಂದಿನ ಫೋರ್ಕ್, ಅಂದರೆ ಮುಂಗಾಲಿಯನ್ನು ಹಿಡಿದಿರುವ ಕವಲು, ಒಂದೋ ಗಟ್ಟಿಯಾದುದು, ಇಲ್ಲವೇ 60 ಮಿಲಿಮೀಟರಿನಷ್ಟು ಮಾತ್ರ ಕುಗ್ಗುವಂಥದು. ಹಾರ್ಡ್‌ಟೇಲಿನ ತೂಕ ಸಾಮಾನ್ಯವಾಗಿ ಹದಿಮೂರರಿಂದ ಹದಿನೈದು ಕಿಲೋ, ಟೈರು ಎರಡು ಇಂಚಿಗಿಂತ ಅಗಲ, ಫೋರ್ಕ್ 100ರಿಂದ 120 ಮಿಲಿಮೀಟರ್ ಕುಗ್ಗುತ್ತದೆ. ನುಣುಪಾದ ರಸ್ತೆಯಲ್ಲಿ ಹೈಬ್ರಿಡ್ ಮುಂದಾಗುವುದು ಸಹಜ. ಆದರೆ ಈ ಹೋಲಿಕೆಯಲ್ಲಿ ನಮ್ಮ ಡಾಂಬರು ಎಂಥದೆಂಬುದನ್ನೂ ಸೇರಿಸಬೇಕು. ಗುಂಡಿ, ಅಗೆದು ಮುಚ್ಚಿದ ಪೈಪಿನ ಜಾಡು, ಬಣ್ಣ ಬಳಿಯದ ರಸ್ತೆಯುಬ್ಬು, ಕಾಂಕ್ರೀಟಿಗೂ ಡಾಂಬರಿಗೂ ನಡುವಿನ ನಾಲ್ಕಿಂಚಿನ ಮೆಟ್ಟಿಲು, ಇವೆಲ್ಲ ಇರುವ ರಸ್ತೆಯಲ್ಲಿ ಅಗಲ ಟೈರಿನವನು ವೇಗ ತಗ್ಗಿಸದೆ ಸಾಗಿದರೆ ಸಪೂರ ಟೈರಿನವನು ಪ್ರತಿ ಗುಂಡಿಗೂ ಬ್ರೇಕ್ ಹಿಡಿಯುತ್ತಾನೆ. ಅಂಗಡಿಯ ಕಾಗದದ ಮೇಲೆ ಕಾಣುವ ವೇಗದ ಅಂತರ ರಸ್ತೆಯ ಮೇಲೆ ಅಷ್ಟು ಉಳಿಯುವುದಿಲ್ಲ.

ಹಾಗಿದ್ದರೂ ಹೈಬ್ರಿಡ್ ತೆಗೆದುಕೊಳ್ಳಬೇಕಾದವರು ಇದ್ದಾರೆ. ನೀವು ತುಳಿಯುವ ಹತ್ತು ಕಿಲೋಮೀಟರಿನಲ್ಲಿ ಒಂಬತ್ತಕ್ಕಿಂತ ಹೆಚ್ಚು ರಸ್ತೆಯಾಗಿದ್ದು, ಉಳಿದದ್ದು ಕೆರೆ ಏರಿಯಂಥ ಗಟ್ಟಿ ಮಣ್ಣಾಗಿದ್ದರೆ, 40 ಮಿಲಿಮೀಟರಿನ ಟೈರು ಹಾಕಿದ ಗಟ್ಟಿ ಫೋರ್ಕಿನ ಹೈಬ್ರಿಡ್ ಧಾರಾಳವಾಗಿ ಸಾಕು. ಮಣ್ಣಿನ ಪಾಲು ಐದರಲ್ಲೊಂದು ಮುಟ್ಟಿತೆಂದರೆ, ಅಥವಾ ಪಾಲು ಕಡಿಮೆಯಿದ್ದರೂ ಅದರಲ್ಲಿ ಕಲ್ಲು, ಬೇರು, ಕಡಿದಾದ ಇಳಿಜಾರು ಇದ್ದರೆ, ಹಾರ್ಡ್‌ಟೇಲನ್ನೇ ಆರಿಸಬೇಕು ಎಂಬುದು ನನ್ನ ಅಭಿಪ್ರಾಯ. ಹಾರ್ಡ್‌ಟೇಲಿಗೆ ನುಣುಪು ಟೈರು ಹಾಕಿದರೆ ಅದು ಮುಕ್ಕಾಲು ಪಾಲು ಹೈಬ್ರಿಡ್ ಆಗುತ್ತದೆ, ಆದರೆ ಹೈಬ್ರಿಡ್‌ನ ಚೌಕಟ್ಟಿನಲ್ಲಿ ಎರಡೂಕಾಲು ಇಂಚಿನ ಟೈರಿಗೆ ಜಾಗ ಮಾಡಿಕೊಡಲು ಯಾವ ಮೆಕ್ಯಾನಿಕ್‌ಗೂ ಸಾಧ್ಯವಿಲ್ಲ.

ಗಾಲಿಯ ಅಳತೆ: 26, 27.5, 29

ಟೈರಿನ ಪಕ್ಕದ ಗೋಡೆಯಲ್ಲಿ ಇಂಚಿನ ಅಳತೆಯ ಜೊತೆಗೆ ‘57-622’ ಎಂಬಂಥ ಇನ್ನೊಂದು ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಇಂಚಿನ ಅಳತೆ ಮೋಸ ಮಾಡುತ್ತದೆ, ಈ ಅಂಕಿ ಮಾಡುವುದಿಲ್ಲ. ಮೌಂಟನ್ ಬೈಕಿನ 26 ಇಂಚು ಎಂದರೆ 559, 27.5 ಎಂದರೆ 584, 29 ಎಂದರೆ 622. ಹೈಬ್ರಿಡ್ ಮತ್ತು ರೋಡ್ ಬೈಕುಗಳ 700ಸಿ ಎಂಬ ಗಾಲಿಯ ರಿಮ್ಮೂ 622. ನಮ್ಮ ಹಾಲಿನವರೂ ಅಂಚೆಯವರೂ ತುಳಿಯುತ್ತಿದ್ದ ಹಳೆಯ ಕರಿ ಸೈಕಲ್ಲಿನ 28 ಇಂಚಿನ ಗಾಲಿ ಇವೆಲ್ಲಕ್ಕಿಂತ ದೊಡ್ಡದು, ಅದು 635. ಹೆಸರು 28 ಆದರೂ 29ರ ರಿಮ್ಮಿಗೆ ಅದರ ಟೈರು ಕೂರುವುದಿಲ್ಲ. ಊರಿನ ಪಂಕ್ಚರ್ ಅಂಗಡಿಯಲ್ಲಿ ಟೈರು ಕೇಳುವಾಗ ಇದು ನೆನಪಿರಬೇಕು.

ಎರಡೂ ದಾರಿಗೆ ಒಂದೇ ಸೈಕಲ್ ಬೇಕೆನ್ನುವವರಿಗೆ 29 ಇಂಚು ಲೇಸು ಎಂದು ನಾನು ಹೇಳುವುದು ಈ 622 ಎಂಬ ಅಂಕಿಯ ಬಲದಿಂದಲೇ. ಅದೇ ರಿಮ್ಮಿಗೆ ಕಾಡಿನ 2.25 ಇಂಚಿನ ಟೈರನ್ನೂ, ರಿಮ್ಮಿನ ಒಳಗಲ ಒಪ್ಪುವುದಾದರೆ, ಹೈಬ್ರಿಡ್‌ನ 40 ಅಥವಾ 45 ಮಿಲಿಮೀಟರಿನ ಟೈರನ್ನೂ ಕೂರಿಸಬಹುದು. 27.5ಕ್ಕೆ ರಸ್ತೆಯ ಟೈರುಗಳ ಆಯ್ಕೆ ಕಡಿಮೆ. ಇದಲ್ಲದೆ ದೊಡ್ಡ ಗಾಲಿ ಗುಂಡಿಯ ಅಂಚನ್ನು ಸುಲಭವಾಗಿ ಹತ್ತುತ್ತದೆ, ಹಿಡಿದ ವೇಗವನ್ನು ಉಳಿಸಿಕೊಳ್ಳುತ್ತದೆ. ಐದಡಿ ಎರಡಿಂಚಿಗಿಂತ ಕಡಿಮೆ ಎತ್ತರದವರು ಮಾತ್ರ 27.5 ಅನ್ನು ಮೊದಲು ಹತ್ತಿ ನೋಡಬೇಕು. ಸಣ್ಣ ಚೌಕಟ್ಟಿಗೆ 29ರ ಗಾಲಿ ಸೇರಿಸಿದಾಗ ಕೆಲವು ಸೈಕಲ್ಲುಗಳಲ್ಲಿ ಹ್ಯಾಂಡಲ್ ತೀರ ಎತ್ತರವಾಗುತ್ತದೆ, ತಿರುವಿನಲ್ಲಿ ಪಾದದ ಬೆರಳು ಮುಂಗಾಲಿಗೆ ತಾಗುತ್ತದೆ. ಹೊಸ ಸೈಕಲ್ ಕೊಳ್ಳುವ ವಯಸ್ಕರು 26ರ ಯೋಚನೆ ಬಿಡಬಹುದು.

ಟೈರು

ಸೈಕಲ್ಲಿನ ಇಡೀ ಗುಣವನ್ನು ಅತಿ ಕಡಿಮೆ ಹಣದಲ್ಲಿ ಬದಲಾಯಿಸುವ ಭಾಗ ಟೈರು. ಅಂಗಡಿಯಿಂದ ಬರುವ ಮೌಂಟನ್ ಬೈಕಿನ ಟೈರಿನಲ್ಲಿ ದೊಡ್ಡ ದೊಡ್ಡ ಗುಬ್ಬಿಗಳು, ಅಂದರೆ ರಬ್ಬರಿನ ಉಬ್ಬುಗಳು, ಇರುತ್ತವೆ. ಮೆತ್ತನೆಯ ಮಣ್ಣನ್ನು ಕಚ್ಚಿ ಹಿಡಿಯಲೆಂದು ಮಾಡಿದ ಆ ಗುಬ್ಬಿಗಳು ಡಾಂಬರಿನ ಮೇಲೆ ಬಾಗುತ್ತ, ಗೊಂಯ್ಯೆಂದು ಸದ್ದು ಮಾಡುತ್ತ, ತುಳಿಯುವವರ ಶಕ್ತಿಯನ್ನು ತಿನ್ನುತ್ತವೆ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಒದ್ದೆಯಾದ ಗಟ್ಟಿ ರಸ್ತೆಯಲ್ಲಿ ಗುಬ್ಬಿಯ ತುದಿಗಳಷ್ಟೇ ನೆಲ ಮುಟ್ಟುವುದರಿಂದ ರಬ್ಬರಿನ ಹಿಡಿತ ಕಡಿಮೆಯಾಗುತ್ತದೆ. ಟೈರು ಒರಟಾಗಿದ್ದಷ್ಟೂ ಮಳೆಯಲ್ಲಿ ಭದ್ರ ಎಂಬ ನಂಬಿಕೆ ಮಣ್ಣಿಗೆ ನಿಜ, ಡಾಂಬರಿಗೆ ಸುಳ್ಳು.

ಇದಕ್ಕೆ ಮಧ್ಯದ ದಾರಿಯೊಂದಿದೆ. ನಡುವೆ ಒತ್ತೊತ್ತಾದ ತಗ್ಗು ಅಚ್ಚು ಅಥವಾ ನುಣುಪಾದ ಪಟ್ಟಿ, ಎರಡೂ ಅಂಚಿನಲ್ಲಿ ಮಾತ್ರ ಗುಬ್ಬಿ, ಹೀಗಿರುವ ಟೈರುಗಳನ್ನು ಹಲವು ಕಂಪನಿಗಳು ಮಾಡುತ್ತವೆ. ಶ್ವಾಲ್ಬೆಯ ಹರಿಕೇನ್ ಮತ್ತು ಸ್ಮಾರ್ಟ್ ಸ್ಯಾಮ್, ಕಾಂಟಿನೆಂಟಲ್‌ನ ಡಬಲ್ ಫೈಟರ್ ಈ ಜಾತಿಗೆ ಸೇರಿದವು. ನೆಟ್ಟಗೆ ಹೋಗುವಾಗ ನಡುವಿನ ಪಟ್ಟಿ ಉರುಳುತ್ತದೆ, ಮಣ್ಣಿನ ತಿರುವಿನಲ್ಲಿ ಸೈಕಲ್ಲು ವಾಲಿದಾಗ ಅಂಚಿನ ಗುಬ್ಬಿ ಕಚ್ಚುತ್ತದೆ. ಗಟ್ಟಿ ಕೆಂಪು ಮಣ್ಣಿಗೆ, ಅಂದರೆ ಬೆಂಗಳೂರು, ಕೋಲಾರ, ತುಮಕೂರು, ಮೈಸೂರಿನ ಸುತ್ತಲಿನ ಒಣ ದಾರಿಗಳಿಗೆ, ಇವು ಬಹುಮಟ್ಟಿಗೆ ಸಾಕು. ಕೈ ಬಿಡುವುದು ಎಲ್ಲಿ ಎಂದರೆ ಮಲೆನಾಡಿನ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಕೊಪ್ಪ, ಮಡಿಕೇರಿಯ ತೋಟದ ದಾರಿಗಳಲ್ಲಿ ಪಾಚಿ ಹತ್ತಿದ ಕಲ್ಲು, ಕೊಳೆತ ಎಲೆ, ಕೆಸರು ಸೇರಿದಾಗ ಪೂರಾ ಗುಬ್ಬಿಯ ಟೈರು ಬೇಕು. ಕನಿಷ್ಠ ಮುಂಗಾಲಿಗಾದರೂ ಬೇಕು. ಮುಂದೆ ಗುಬ್ಬಿ, ಹಿಂದೆ ನುಣುಪು ಎಂಬ ಜೋಡಣೆಯನ್ನು ಕೆಲವರು ಹಾಸ್ಯ ಮಾಡುತ್ತಾರೆ. ಆದರೆ ಹಿಂಗಾಲಿ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂಗಾಲಿ ಜಾರಿದರೆ ನೆಲವೇ ಗತಿ. ತೂಕದ ಹೆಚ್ಚು ಪಾಲು ಹೊರುವ ಹಿಂಗಾಲಿ ಹಗುರವಾಗಿ ಉರುಳಿದರೆ ರಸ್ತೆಯಲ್ಲಿ ಶ್ರಮವೂ ಉಳಿಯುತ್ತದೆ. ಹಾಗಾಗಿ ಅದರಲ್ಲಿ ಬುದ್ಧಿವಂತಿಕೆಯಿದೆ.

ಉತ್ತರ ಕರ್ನಾಟಕದ ಎರೆಮಣ್ಣಿನ ಸಂಗತಿ ಬೇರೆಯೇ. ಮಳೆ ಬಿದ್ದ ಎರೆಹೊಲದ ದಾರಿಯಲ್ಲಿ ಯಾವ ಟೈರೂ ಕೆಲಸಕ್ಕೆ ಬಾರದು. ಮಣ್ಣು ಸುತ್ತು ಸುತ್ತಾಗಿ ಗಾಲಿಗೆ ಮೆತ್ತಿಕೊಂಡು, ಟೈರಿಗೂ ಚೌಕಟ್ಟಿಗೂ ನಡುವಿನ ಸಂದಿಯನ್ನು ತುಂಬಿ, ನೂರು ಮೀಟರಿನೊಳಗೆ ಗಾಲಿಯನ್ನೇ ನಿಲ್ಲಿಸಿಬಿಡುತ್ತದೆ. ವಿಜಯಪುರ, ಗದಗ, ಧಾರವಾಡದ ಕಡೆಯವರು ಟೈರಿನ ಗುಬ್ಬಿಗಿಂತ ಆ ಸಂದಿಯನ್ನು ನೋಡಿ ಚೌಕಟ್ಟು ಆರಿಸಬೇಕು: ಟೈರಿನ ಎರಡೂ ಪಕ್ಕಕ್ಕೆ ಒಂದೊಂದು ಬೆರಳು ತೂರುವಷ್ಟು ಜಾಗ ಇರಲಿ, ಟೈರು 2.25ರ ಬದಲು 2 ಇಂಚಿನದಾದರೂ ಚಿಂತೆಯಿಲ್ಲ. ಬೇಸಿಗೆಯಲ್ಲಿ ಅದೇ ದಾರಿ ಕಲ್ಲಿನಷ್ಟು ಗಟ್ಟಿ, ಜೊತೆಗೆ ಬಳ್ಳಾರಿ ಜಾಲಿಯ ಮುಳ್ಳು. ಆ ಮುಳ್ಳಿರುವ ಸೀಮೆಯಲ್ಲಿ ಟ್ಯೂಬ್‌ಲೆಸ್ ವ್ಯವಸ್ಥೆಗೆ ಕೊಡುವ ಹಣ ವ್ಯರ್ಥವಲ್ಲ. ಟೈರಿನೊಳಗಿನ ದ್ರವ ಸಣ್ಣ ತೂತುಗಳನ್ನು ತಾನೇ ಮುಚ್ಚುತ್ತದೆ. ಆದರೆ ನಮ್ಮ ಬಿಸಿಲಿಗೆ ಆ ದ್ರವ ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಬೇಕು. ರಿಮ್ಮು ಟ್ಯೂಬ್‌ಲೆಸ್‌ಗೆ ಒಪ್ಪುವಂಥದೇ ಎಂದು ಕೊಳ್ಳುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಎರಡು ದಾರಿಯ ಸವಾರರು ಕಲಿಯಬೇಕಾದ ದೊಡ್ಡ ಅಭ್ಯಾಸವೆಂದರೆ ಗಾಳಿಯ ಒತ್ತಡವನ್ನು ಬದಲಾಯಿಸುವುದು. ಎಪ್ಪತ್ತು ಕಿಲೋ ತೂಕದವರು ಟ್ಯೂಬ್ ಇರುವ 2.2 ಇಂಚಿನ ಟೈರಿಗೆ ರಸ್ತೆಯಲ್ಲಿ 40 ಪಿಎಸ್‌ಐ ಆಸುಪಾಸು, ಕಲ್ಲುಮಣ್ಣಿನಲ್ಲಿ 28ರಿಂದ 30 ಇಟ್ಟುಕೊಂಡು ನೋಡಬಹುದು. ಟೈರಿನ ಗೋಡೆಯಲ್ಲಿ ಬರೆದಿರುವ ಮಿತಿಯನ್ನು ಮಾತ್ರ ಮೀರಬಾರದು. ಇನ್ನೂ ಇಳಿಸಿದರೆ ಕಲ್ಲಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಮನೆಯಿಂದ ಹೊರಡುವಾಗ ತುಂಬಿಸಿ, ಕಾಡಿನ ಬಾಯಲ್ಲಿ ಒಂದಿಷ್ಟು ಬಿಟ್ಟು, ಮರಳುವಾಗ ಕೈಪಂಪಿನಿಂದ ಐವತ್ತು ಅರವತ್ತು ಸಲ ಒತ್ತುವುದು ಅಷ್ಟೇನೂ ದೊಡ್ಡ ಕೆಲಸವಲ್ಲ. ಅಳತೆಯ ಮುಳ್ಳಿರುವ ನೆಲಪಂಪು ಮನೆಯಲ್ಲಿ ಇರಲೇಬೇಕು, ಹೆಬ್ಬೆರಳಿನಿಂದ ಒತ್ತಿ ‘ಗಾಳಿ ಸರಿಯಿದೆ’ ಎನ್ನುವುದು ಅಳತೆಯಲ್ಲ.

ಕಾಡಿಗೊಂದು ರಸ್ತೆಗೊಂದು ಎಂದು ಎರಡು ಜೊತೆ ಗಾಲಿ ಇಟ್ಟುಕೊಳ್ಳುವವರೂ ಇದ್ದಾರೆ. ಕೇಳಲು ಚೆನ್ನ. ಆದರೆ ಎರಡನೇ ಜೊತೆಗೂ ಡಿಸ್ಕ್, ಗೇರಿನ ಹಲ್ಲುಚಕ್ರ ಬೇಕು. ಬ್ರೇಕಿನ ಬಿಲ್ಲೆಗೂ ಡಿಸ್ಕಿಗೂ ನಡುವಿನ ಕೂದಲೆಳೆಯ ಅಂತರವನ್ನು ಬದಲಾಯಿಸಿದಾಗಲೆಲ್ಲ ಸರಿಪಡಿಸುತ್ತಿರಬೇಕು. ಎರಡನೆಯ ವಾರದಲ್ಲೇ ಬೇಸರ ಬರುವ ಏರ್ಪಾಡು ಅದು.

ಮುಂದಿನ ಫೋರ್ಕ್

ಫೋರ್ಕ್ ಎಷ್ಟು ಕುಗ್ಗುತ್ತದೆ ಎಂಬ ಅಂಕಿಯನ್ನು ನೋಡಿ ಹೆಚ್ಚಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ನಮ್ಮ ಬಂಡಿಜಾಡಿಗೂ ಕಾಲುದಾರಿಗೂ 100 ಮಿಲಿಮೀಟರ್ ಸಾಕು, 120 ಇದ್ದರೆ ನೆಮ್ಮದಿ. 140ಕ್ಕೆ ಹೋದರೆ ಸೈಕಲ್ಲಿನ ಮೂತಿ ಮುಂದಕ್ಕೆ ಚಾಚಿಕೊಂಡು, ಕಡಿದಾದ ಇಳಿಜಾರಿನಲ್ಲಿ ಧೈರ್ಯ ಕೊಟ್ಟರೂ ರಸ್ತೆಯ ನಿಧಾನದ ತಿರುವಿನಲ್ಲಿ ಭಾರವೆನಿಸುತ್ತದೆ, ಏರಿನಲ್ಲಿ ಅತ್ತಿತ್ತ ಅಲೆಯುತ್ತದೆ.

ಅಂಕಿಗಿಂತ ಮುಖ್ಯವಾದುದು ಒಳಗಿರುವುದು ಸ್ಪ್ರಿಂಗೋ ಗಾಳಿಯೋ ಎಂಬುದು. ಸ್ಪ್ರಿಂಗಿನ ಫೋರ್ಕನ್ನು ಯಾರೋ ಒಬ್ಬ ಸರಾಸರಿ ತೂಕದ ಸವಾರನನ್ನು ಊಹಿಸಿಕೊಂಡು ಮಾಡಿರುತ್ತಾರೆ. ಐವತ್ತು ಐವತ್ತೈದು ಕಿಲೋ ತೂಕದವರು ಕೂತರೆ ಅದು ಅರ್ಧವೂ ಕುಗ್ಗುವುದಿಲ್ಲ. ಎರಡೂವರೆ ಕಿಲೋ ಕಬ್ಬಿಣವನ್ನು ಸುಮ್ಮನೆ ಹೊತ್ತು ತಿರುಗಿದಂತಾಗುತ್ತದೆ. ಗಾಳಿಯ ಫೋರ್ಕಿಗೆ ನಿಮ್ಮ ತೂಕಕ್ಕೆ ತಕ್ಕಷ್ಟು ಗಾಳಿ ತುಂಬಬಹುದು, ಅದು ಹಗುರವೂ ಹೌದು, ಬೆಲೆ ಮಾತ್ರ ಹೆಚ್ಚು. ಹಣಕ್ಕೆ ಮಿತಿಯಿದ್ದು, ಕಳಪೆ ಸ್ಪ್ರಿಂಗ್ ಫೋರ್ಕಿಗೂ ಗಟ್ಟಿ ಫೋರ್ಕಿಗೂ ನಡುವೆ ಆಯ್ಕೆ ಬಂದರೆ ನಾನು ಗಟ್ಟಿ ಫೋರ್ಕನ್ನೇ ಆರಿಸಿ ಅಗಲ ಟೈರು ಹಾಕಿಸುತ್ತೇನೆ. ಆದರೆ ಅಂಗಡಿಗಳಲ್ಲಿ ಆ ಬಗೆಯ ಮೌಂಟನ್ ಬೈಕ್ ಸಿಗುವುದು ಅಪರೂಪ.

ಡಾಂಬರಿಗೂ ಬಳಸುವವರಿಗೆ ಲಾಕೌಟ್, ಅಂದರೆ ಫೋರ್ಕ್ ಕುಗ್ಗದಂತೆ ಬಿಗಿಯುವ ಸೌಲಭ್ಯ, ಅತ್ಯಗತ್ಯ. ಅದರ ಗುಂಡಿ ಹ್ಯಾಂಡಲಿನ ಮೇಲೆ ಹೆಬ್ಬೆರಳಿಗೆ ಸಿಗುವಂತಿದ್ದರೆ ಬಳಸುತ್ತೀರಿ. ಬಗ್ಗಿ ಫೋರ್ಕಿನ ತಲೆಯಲ್ಲಿ ತಿರುಗಿಸಬೇಕಾದರೆ ವಾರದೊಳಗೆ ಮರೆತುಬಿಡುತ್ತೀರಿ.

ಗೇರಿನ ಲೆಕ್ಕ

‘ಇಪ್ಪತ್ತೊಂದು ಗೇರು’ ಎಂಬ ಮಾತಿಗೆ ನಮ್ಮಲ್ಲಿ ಇರುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚು. ಮುಂದೆ 42, 34, 24 ಹಲ್ಲಿನ ಮೂರು ಚಕ್ರ, ಹಿಂದೆ 14ರಿಂದ 28ರವರೆಗಿನ ಏಳು ಚಕ್ರ ಇರುವ ಸಾಮಾನ್ಯ ಜೋಡಣೆಯನ್ನು ತೆಗೆದುಕೊಳ್ಳೋಣ. 29 ಇಂಚಿನ ಗಾಲಿ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಸಾಗುತ್ತದೆ. ಅತಿ ಭಾರದ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ 6.9 ಮೀಟರ್, ಅತಿ ಹಗುರದ ಗೇರಿನಲ್ಲಿ ಸುಮಾರು 2 ಮೀಟರ್. ಈಗ ಮುಂದೆ 32 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 51ರವರೆಗಿನ ಹನ್ನೊಂದು ಚಕ್ರ ಇರುವ ಜೋಡಣೆಯನ್ನು ನೋಡಿ. ಅತಿ ಭಾರದ ಗೇರಿನಲ್ಲಿ 6.7 ಮೀಟರ್, ಅತಿ ಹಗುರದ್ದರಲ್ಲಿ 1.44 ಮೀಟರ್. ಮೇಲ್ತುದಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ನಿಮಿಷಕ್ಕೆ 90 ಸುತ್ತು ತುಳಿದರೆ ಎರಡರಲ್ಲೂ ಗಂಟೆಗೆ 36, 37 ಕಿಲೋಮೀಟರ್ ವೇಗ ಬರುತ್ತದೆ. ಕೆಳತುದಿಯಲ್ಲಿ ಹನ್ನೊಂದು ಗೇರಿನದೇ ಗೆಲುವು: ನಿಮಿಷಕ್ಕೆ 60 ಸುತ್ತು ತುಳಿದು ಏರು ಹತ್ತುವಾಗ ಮೊದಲನೆಯದರಲ್ಲಿ ಗಂಟೆಗೆ 7 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಲೇಬೇಕು, ಎರಡನೆಯದರಲ್ಲಿ 5 ಸಾಕು. ನಂದಿಬೆಟ್ಟದ ತಿರುವುಗಳಲ್ಲಿ, ಚಾಮುಂಡಿಬೆಟ್ಟದ ಏರಿನಲ್ಲಿ, ಹೊಸಬರು ತುಳಿಯುತ್ತ ಹೋಗುವುದೋ ಇಳಿದು ತಳ್ಳುವುದೋ ಎಂಬುದನ್ನು ಈ ಎರಡು ಕಿಲೋಮೀಟರ್ ತೀರ್ಮಾನಿಸುತ್ತದೆ. ಒಂದೇ ಚಕ್ರದ ಜೋಡಣೆಯಲ್ಲಿ ಮುಂದಿನ ಗೇರು ಬದಲಾಯಿಸುವ ಯಂತ್ರವೇ ಇಲ್ಲದ್ದರಿಂದ ಕೆಸರಿನಲ್ಲಿ ಸಿಕ್ಕಿಕೊಳ್ಳುವ ಭಾಗವೂ ಒಂದು ಕಡಿಮೆ.

ಅದರ ದೋಷವನ್ನೂ ಹೇಳಬೇಕು. ಒಂದು ಗೇರಿಗೂ ಇನ್ನೊಂದಕ್ಕೂ ನಡುವಿನ ಜಿಗಿತ ದೊಡ್ಡದು. ದಿನವೂ ಇಪ್ಪತ್ತು ಮೂವತ್ತು ಕಿಲೋಮೀಟರ್ ಒಂದೇ ಲಯದಲ್ಲಿ ಸಮತಟ್ಟು ರಸ್ತೆಯಲ್ಲಿ ತುಳಿಯುವವರಿಗೆ ‘ಇದು ಹಗುರ, ಅದು ಭಾರ, ನಡುವಿನದು ಇಲ್ಲ’ ಎನಿಸುತ್ತದೆ. ಅಂಥವರಿಗೆ ಮುಂದೆ ಎರಡು ಚಕ್ರ, ಹಿಂದೆ ಒಂಬತ್ತು ಚಕ್ರದ ಜೋಡಣೆ ಒಪ್ಪುತ್ತದೆ. ಬೇರೇನೂ ನೋಡದಿದ್ದರೂ ಇದೊಂದನ್ನು ಕೇಳಿ: ಹಿಂದಿನ ಚಕ್ರಗಳು ಹಬ್ಬಿಗೆ ತಿರುಪಿನಂತೆ ಕೂರುವ ಫ್ರೀವೀಲೋ, ಜಾರಿಸಿ ಕೂರಿಸುವ ಕ್ಯಾಸೆಟ್ಟೋ? ಕ್ಯಾಸೆಟ್ ಆಗಿದ್ದರೆ ಮುಂದೆ ಗೇರನ್ನು ಉತ್ತಮಪಡಿಸಿಕೊಳ್ಳಲು ದಾರಿ ತೆರೆದಿರುತ್ತದೆ. ಫ್ರೀವೀಲ್ ಆಗಿದ್ದರೆ ಹಿಂಗಾಲಿಯನ್ನೇ ಬದಲಾಯಿಸಬೇಕಾದೀತು.

ಬ್ರೇಕು

ರಿಮ್ಮನ್ನು ಹಿಡಿಯುವ ವಿ-ಬ್ರೇಕು ಒಣ ರಸ್ತೆಗೆ ಸಾಕಾದರೂ ಕೆಸರುಮಣ್ಣು ರಬ್ಬರಿನ ಜೊತೆ ಸೇರಿ ರಿಮ್ಮನ್ನು ಉಜ್ಜಿ ಸವೆಸುತ್ತದೆ. ಡಿಸ್ಕ್ ಬ್ರೇಕೇ ಇರಲಿ. ಕೇಬಲ್ಲಿನಿಂದ ಎಳೆಯುವ ಮೆಕ್ಯಾನಿಕಲ್ ಡಿಸ್ಕನ್ನು ಯಾವ ಊರಿನಲ್ಲಾದರೂ ಸರಿಪಡಿಸಬಹುದು ಎಂಬ ವಾದದಲ್ಲಿ ಹುರುಳಿದೆ. ಆದರೆ ಉದ್ದನೆಯ ಇಳಿತದಲ್ಲಿ ಎರಡು ಬೆರಳಿಗೆ ಸೈಕಲ್ಲು ನಿಲ್ಲುವ, ಕೊಳವೆಯೊಳಗಿನ ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿನ ಸುಖ ಒಮ್ಮೆ ಕಂಡವರು ಹಿಂದೆ ಹೋಗುವುದಿಲ್ಲ. ಅದಕ್ಕೆ ದಿನನಿತ್ಯದ ಆರೈಕೆಯೂ ಕಡಿಮೆ. ಗಾಲಿ ಬಿಚ್ಚಿಟ್ಟಾಗ ಬ್ರೇಕ್ ಅದುಮಬಾರದು, ಶಿಮಾನೊ ಕಂಪನಿಯ ಬ್ರೇಕಿಗೆ ಮಿನರಲ್ ಆಯಿಲ್ ಬಿಟ್ಟು ಕಾರಿನ ಬ್ರೇಕ್ ದ್ರವ ಹಾಕಬಾರದು ಎಂಬೆರಡು ತಿಳಿದಿದ್ದರೆ ಸಾಕು.

ಕೊಳ್ಳುವ ದಿನ

ಗಾಳಿಯ ಫೋರ್ಕ್, ಹೈಡ್ರಾಲಿಕ್ ಬ್ರೇಕ್, ಕ್ಯಾಸೆಟ್ ಗೇರು ಮೂರೂ ಬೇಕೆಂದರೆ ಹೊಸ ಹಾರ್ಡ್‌ಟೇಲಿಗೆ ಐವತ್ತು ಸಾವಿರ ರೂಪಾಯಿಯ ಆಸುಪಾಸು ಅಥವಾ ಅದರ ಮೇಲೆ ಯೋಚಿಸಬೇಕು. ಅಷ್ಟಿಲ್ಲದಿದ್ದರೆ ಮೂರರಲ್ಲಿ ಮೊದಲು ಬಿಡಬೇಕಾದದ್ದು ಗಾಳಿಯ ಫೋರ್ಕನ್ನು, ನಂತರ ಹೈಡ್ರಾಲಿಕ್ ಬ್ರೇಕನ್ನು, ಕ್ಯಾಸೆಟ್ಟನ್ನು ಬಿಡಬಾರದು. ಕಡಿಮೆ ಬಳಸಿದ ಹಳೆಯ ಸೈಕಲ್ಲು ಬೆಂಗಳೂರು, ಮೈಸೂರಿನಲ್ಲಿ ಸುಲಭವಾಗಿ ಸಿಗುತ್ತದೆ, ಹುಮ್ಮಸ್ಸಿನಲ್ಲಿ ಕೊಂಡು ಬಿಟ್ಟವರು ಬೇಕಾದಷ್ಟಿದ್ದಾರೆ. ಹಾಗೆ ಕೊಳ್ಳುವಾಗ ಚೌಕಟ್ಟಿನ ಬೆಸುಗೆಯ ಹತ್ತಿರ ಬಿರುಕಿದೆಯೇ ನೋಡಿ, ಫೋರ್ಕಿನ ನುಣುಪಾದ ಕಾಲುಗಳ ಮೇಲೆ ಉಗುರಿನಿಂದ ಸವರಿ ಗೀರಿದೆಯೇ ಪರೀಕ್ಷಿಸಿ.

ಅಳತೆಯ ವಿಷಯದಲ್ಲಿ ಒಂದು ಕಂಪನಿಯ ‘ಮೀಡಿಯಂ’ ಇನ್ನೊಂದರ ‘ಲಾರ್ಜ್’ ಆಗಬಹುದಾದ್ದರಿಂದ ಸೈಕಲ್ಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡೇ ನೋಡಬೇಕು. ಎರಡೂ ಪಾದ ನೆಲದ ಮೇಲಿದ್ದಾಗ ಚೌಕಟ್ಟಿನ ಮೇಲ್ಕೊಳವೆಗೂ ದೇಹಕ್ಕೂ ನಡುವೆ ಮೂರು ಬೆರಳಗಲದಷ್ಟಾದರೂ ಜಾಗವಿರಬೇಕು, ಏಕೆಂದರೆ ಕಾಡಿನಲ್ಲಿ ಕಾಲಿಡುವ ನೆಲ ಯಾವಾಗಲೂ ಸಮವಾಗಿರುವುದಿಲ್ಲ. ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸಲು ಚೌಕಟ್ಟಿನಲ್ಲಿ ತಿರುಪಿನ ಕಣ್ಣುಗಳಿವೆಯೇ ನೋಡಿ. ಕಚೇರಿಗೆ ಹೋಗುವವರಿಗೆ ಮೊದಲ ಮಳೆಯ ದಿನವೇ ಅದರ ಬೆಲೆ ತಿಳಿಯುತ್ತದೆ. ಓಡಿಸಿ ನೋಡಲು ಅಂಗಡಿಯ ಮುಂದಿನ ನುಣುಪು ನೆಲದಲ್ಲಿ ಎರಡು ಸುತ್ತು ಹಾಕಿಸಿ ಮುಗಿಸಿಬಿಡುತ್ತಾರೆ. ಅದಕ್ಕೆ ಒಪ್ಪದೆ, ಹತ್ತಿರದ ಒಂದು ಏರನ್ನೂ, ಒಂದು ಹಾಳು ರಸ್ತೆಯನ್ನೂ, ಸಿಕ್ಕರೆ ಒಂದು ಖಾಲಿ ನಿವೇಶನದ ಮಣ್ಣನ್ನೂ ತುಳಿದು ಬನ್ನಿ. ಗಾಡಿ ನಿಮ್ಮದೆಂದು ತೀರ್ಮಾನವಾದ ಮೇಲೆ, ಹಣ ಕೊಡುವ ಮುನ್ನವೇ, ಗುಬ್ಬಿ ಟೈರನ್ನು ವಾಪಸು ಪಡೆದು ನಡುಪಟ್ಟಿಯ ಟೈರು ಹಾಕಿಕೊಡುತ್ತೀರಾ, ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿ. ಹೊಸ ಸೈಕಲ್ಲಿನ ಬಳಸದ ಟೈರನ್ನು ಒಪ್ಪಿಕೊಳ್ಳುವ ಅಂಗಡಿಯವರು ಇರುತ್ತಾರೆ. ಒಮ್ಮೆ ಮನೆಗೆ ತುಳಿದುಕೊಂಡು ಹೋದ ಮೇಲೆ ಅದನ್ನು ಯಾರೂ ಮುಟ್ಟುವುದಿಲ್ಲ.